ಮಾಷ್ಟ್ರೇ, ಭಾವನ ಬುದ್ಧಿಗೆ ಬಯ್ಯಬೇಡಿ

ಕಾರ್ಕಳದ ನಿವೃತ್ತ ಮಾಷ್ಟ್ರೊಬ್ಬರ ಪತ್ರ ಬಂದಿದೆ. 2000 ರೂಪಾಯಿ ನೋಟಿನಲ್ಲಿ ಜಿಪಿಎಸ್ ಚಿಪ್ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2016ರಲ್ಲೇ ಹೇಳಿತ್ತು, ಅದನ್ನು ಭಾವನಿಗೆ ಓದಿ ಹೇಳಿಯೂ ಆಯಿತು, ಅವರು ಹೂಂ ಅಂದೂ ಆಯಿತು; ಈಗ ನೋಡಿದರೆ "ಚಿಪ್ ಕೆಟ್ಟದ್ದಕ್ಕೇ 2023ರಲ್ಲಿ ನೋಟು ವಾಪಸ್ ತಗೊಂಡದ್ದು" ಅಂತಾರಂತೆ. ಜನ ಇಷ್ಟು ದಡ್ಡರಾ ಅಂತ ಕೇಳಿದ್ದಾರೆ.

ನಗು ಬಂತು ಮಾಷ್ಟ್ರೇ. ಏನು ಹೇಳಿದರೂ ತಮಗೆ ಬೇಕಾದ್ದನ್ನೇ ನಂಬುವ ಹಟಮಾರಿಗಳು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ತಕರಾರು ತಿದ್ದುವವರ ಮೇಲೆ.

1994ರಲ್ಲಿ ಅಮೆರಿಕದ ಜಾನ್ಸನ್, ಸೀಫರ್ಟ್ ಎಂಬ ಮನಶ್ಶಾಸ್ತ್ರಜ್ಞರು ಗೋದಾಮಿಗೆ ಬೆಂಕಿ ಬಿದ್ದ ಸುದ್ದಿಯನ್ನು ತುಂಡು ತುಂಡಾಗಿ ಜನರಿಗೆ ಓದಲು ಕೊಟ್ಟರು. ಕಪಾಟಿನಲ್ಲಿ ಪೇಂಟ್ ಡಬ್ಬ, ಗ್ಯಾಸ್ ಸಿಲಿಂಡರ್ ಇತ್ತು ಅಂತ ಮೊದಲು. ಆಮೇಲೆ, ಇಲ್ಲ, ಕಪಾಟು ಖಾಲಿ ಇತ್ತು ಅಂತ. ಓದಿದವರಿಗೆ ಆ ತಿದ್ದುಪಡಿ ನೆನಪಿತ್ತು. ಆದರೂ ಅಷ್ಟೊಂದು ಕಪ್ಪು ಹೊಗೆ ಯಾಕೆ ಅಂದರೆ ಪೇಂಟಿನಿಂದ ಅಂದರು! ಮತ್ತೇನು ಹೇಳಬೇಕಿತ್ತು ಪಾಪ, ಹೊಗೆಗೆ ಬೇರೆ ಕಾರಣ ಯಾರೂ ಕೊಟ್ಟಿರಲಿಲ್ಲ. ಯಾರೋ ಬೇಕಂತಲೇ ಬೆಂಕಿ ಇಟ್ಟ ಗುರುತು ಸಿಕ್ಕಿದೆ ಅಂತ ಹೇಳಿದಾಗ ಪೇಂಟಿನ ಮಾತು ಕಡಿಮೆಯಾಯಿತು.

ನೀವು ಭಾವನಿಗೆ "ಚಿಪ್ ಇಲ್ಲ" ಅಂದಿರಿ. ಸರಿ. ನೋಟಿನ ಅಂಚಿನಲ್ಲಿದ್ದ ಆ ಏಳು ಉಬ್ಬು ಗೆರೆ ಕಣ್ಣು ಕಾಣದವರು ಬೆರಳಿನಿಂದ ಗುರುತಿಸಲಿ ಅಂತ ಇದ್ದದ್ದು, ಅದನ್ನು ಹೇಳಿದಿರಾ? 2018-19ರಲ್ಲೇ ಮುದ್ರಣ ನಿಂತು, ಹೆಚ್ಚಿನ ನೋಟುಗಳು ಹಳತಾಗಿದ್ದವು ಅಂತ ಹೇಳಿದಿರಾ? ನೀವು ಹೇಳದೆ ಬಿಟ್ಟಲ್ಲಿ ಭಾವ ತಮ್ಮದೇ ಕಾರಣ ಹಾಕಿಕೊಂಡರು, ಅಷ್ಟೆ.

ನಮ್ಮ ಪತ್ರಿಕೆಯವರದ್ದೂ ಇದೇ ಚಾಳಿ. ಲ್ಯಾನ್ಸೆಟ್‌ನಂಥ ದೊಡ್ಡ ವೈದ್ಯಕೀಯ ಪತ್ರಿಕೆಯೇ ಲಸಿಕೆಗೂ ಆಟಿಸಂಗೂ ನಂಟು ಹಚ್ಚಿದ 1998ರ ಲೇಖನವನ್ನು ಪೂರ್ತಿ ವಾಪಸ್ ತಗೊಂಡದ್ದು 2010ರಲ್ಲಿ. ಇಲ್ಲಿಯವರು ಮರುದಿನವೇ ತಿದ್ದುತ್ತಾರೆ, ಆದರೆ ಹೇಗೆ? ಸುದ್ದಿ ಮುಖಪುಟದಲ್ಲಿ, "ನಿನ್ನೆಯ ವರದಿಯಲ್ಲಿ ತಪ್ಪಾಗಿದೆ, ವಿಷಾದಿಸುತ್ತೇವೆ" ಅನ್ನುವ ಎರಡು ಸಾಲು ಒಳಗೆ, ಶ್ರದ್ಧಾಂಜಲಿ ಜಾಹೀರಾತಿನ ಕೆಳಗೆ. ಏನು ತಪ್ಪು, ಸರಿ ಯಾವುದು, ಅದೆಲ್ಲ ಕೇಳಬೇಡಿ. ಮೊನ್ನೆ ಹಂಪನಕಟ್ಟೆಯ ಹೋಟೆಲಿನಲ್ಲಿ ಒಬ್ಬರು ಅಂಥದ್ದೇ ಒಂದನ್ನು ಓದಿ, "ಇದು ಯಾವುದಕ್ಕೆ ಮಾರಾಯ್ರೆ?" ಅಂತ ಪಕ್ಕದವರನ್ನು ಕೇಳಿದರು. ಅವರು ಬನ್ಸ್ ಮುರಿಯುತ್ತಾ, "ಯಾರಿಗೆ ಗೊತ್ತು, ಸುಮ್ನೆ ಜಾಗ ಉಳಿದಿರಬೇಕು" ಅಂದರು.