ತಂದೆಯ ಸಹಿ ಕೇಳುವ ಮುನ್ನ

ನಿಮ್ಮ ತಂದೆಯವರು 1952ರಲ್ಲಿ ಗೋವೆಯ ಕಾಣಕೋಣದಲ್ಲಿ ಹುಟ್ಟಿದವರಾದ್ದರಿಂದ ನೀವು ಪೋರ್ಚುಗೀಸ್ ಪೌರತ್ವ ಪಡೆದು ಕಾರವಾರದಿಂದ ಇಲ್ಲಿ ಇಂಗ್ಲೆಂಡಿನ ಸ್ವಿಂಡನ್ನಿಗೆ ಬರಬಹುದೇ, ಬಂದರೆ ಬದುಕು ಹೇಗೆ ಎಂದು ಕೇಳಿದ್ದೀರಿ. ಚಳಿಗೆ ಮೈ ಒಗ್ಗುತ್ತದೆ, ಬಾಡಿಗೆ ದುಬಾರಿ, ಗೋವೆಯವರು ಬಹಳ ಮಂದಿ ಇರುವುದರಿಂದ ಮೀನಿಗೂ ಮಾತಿಗೂ ಕೊರತೆಯಿಲ್ಲ. ಆದರೆ 2009ರಲ್ಲಿ ನಾನು ಬಂದ ದಾರಿ ಈಗ ಮುಚ್ಚಿದೆ. ಪೋರ್ಚುಗಲ್ ಸೇರಿರುವ ಐರೋಪ್ಯ ಒಕ್ಕೂಟವನ್ನು ಬ್ರಿಟನ್ ಬಿಟ್ಟು, 2020ರ ಡಿಸೆಂಬರ್ 31ಕ್ಕೆ ಒಕ್ಕೂಟದವರ ಮುಕ್ತ ಸಂಚಾರ ಮುಗಿದ ಮೇಲೆ, ಹೊಸದಾಗಿ ಬರುವವರಿಗೆ ಪೋರ್ಚುಗೀಸ್ ಪಾಸ್‌ಪೋರ್ಟ್ ಇದ್ದರೂ ಬ್ರಿಟನ್ನಿನಲ್ಲಿ ಕೆಲಸಕ್ಕೆ ವೀಸಾ ಬೇಕು. ಒಕ್ಕೂಟದ ದೇಶಗಳಲ್ಲಿ ಅದು ಈಗಲೂ ನಡೆಯುತ್ತದೆ.

ಗೋವೆ 1961ರ ಡಿಸೆಂಬರ್ 19ರಂದು ವಿಮೋಚನೆಗೊಂಡರೂ ಪೋರ್ಚುಗಲ್ ಅದನ್ನು ಒಪ್ಪಿಕೊಂಡದ್ದು ಲಿಸ್ಬನ್ನಿನಲ್ಲಿ ಸರ್ವಾಧಿಕಾರ ಉರುಳಿದ 1974ರ ಕೊನೆಯಲ್ಲಿ. ವಿಮೋಚನೆಗೆ ಮುಂಚೆ ಅಲ್ಲಿ ಹುಟ್ಟಿದವರ ಜನನವನ್ನು ಲಿಸ್ಬನ್ನಿನಲ್ಲಿ ನೋಂದಾಯಿಸಿದರೆ ಮಕ್ಕಳಿಗೂ ಹಕ್ಕು ಬರುತ್ತದೆ. ಭಾರತ ಮಾತ್ರ ಎರಡು ಪೌರತ್ವ ಒಪ್ಪದು. ನೀವಾಗಿ ಇನ್ನೊಂದನ್ನು ಪಡೆದರೆ ನಮ್ಮದು ಹೋಗುತ್ತದೆ. ಬೇರೆ ದೇಶದ ಪೌರರಾದ ಭಾರತೀಯ ಮೂಲದವರಿಗೆ ಭಾರತ ಕೊಡುವ ಓಸಿಐ ಕಾರ್ಡ್ ಸಿಕ್ಕರೂ ಮತವಿಲ್ಲ, ಗದ್ದೆ ಕೊಳ್ಳುವಂತಿಲ್ಲ.

ನನ್ನ ಅಜ್ಜಿಯನ್ನು ಕಾರವಾರದ ಬಳಿಯ ಮಾಜಾಳಿಯಿಂದ ಗಡಿಯಾಚೆ ಗೋವೆಯ ಪೋಳೆಂಗೆ ಕೊಟ್ಟಿದ್ದರು. ತವರು ಬ್ರಿಟಿಷರ ಆಳ್ವಿಕೆಯಲ್ಲಿತ್ತು, ಗಂಡನ ಮನೆ ಪೋರ್ಚುಗೀಸರದರಲ್ಲಿ. ಬ್ರಿಟಿಷರು ಹೋದ ಮೇಲೂ 1955ರಲ್ಲಿ ಗಡಿ ಬಿಗಿಯಾಗಿ, ನಡೆದು ಹೋಗುವಷ್ಟು ಹತ್ತಿರದ ತವರಿನಲ್ಲಿ ತೀರಿಕೊಂಡ ತಾಯಿಯ ಮುಖವನ್ನು ಆಕೆ ನೋಡಲಾಗಲಿಲ್ಲ. ಆ ಅಳುವನ್ನು ಕೇಳಿ ಬೆಳೆದ ನನ್ನ ತಂದೆಯ ಮುಂದೆ 2007ರಲ್ಲಿ ನಾನು ಅರ್ಜಿಯ ಕಾಗದಗಳನ್ನಿಟ್ಟು ‘ಇಲ್ಲೊಂದು ಸಹಿ’ ಎಂದೆ. ಯಾತಕ್ಕೆಂದು ಮೊದಲೇ ಹೇಳಿರಲಿಲ್ಲ. ಅವರು ಕನ್ನಡಕ ಏರಿಸಿಕೊಂಡು, ‘ನಾಯ್ಕ’ ಎಂಬುದರ ಕೊನೆಗೆ ಪೋರ್ಚುಗೀಸ್ ಗುಮಾಸ್ತ ಬರೆದಿದ್ದ ಕ್ಯೂ, ಯು, ಇ ಅಕ್ಷರಗಳ ಮೇಲೆ ಬೆರಳಿಟ್ಟು, ‘ಅವರ ಪುಸ್ತಕದಲ್ಲಿ ಮತ್ತೆ ನನ್ನ ಹೆಸರು ಯಾಕೆ?’ ಎಂದು ಕೊಂಕಣಿಯಲ್ಲಿ ಕೇಳಿದರು. ‘ನನ್ನ ಕೆಲಸಕ್ಕೆ ಬೇಕು, ಅಪ್ಪಾ’ ಎಂದೆ. ಸಹಿ ಮಾಡಿ, ಪೆನ್ನಿನ ಕ್ಯಾಪು ಹಾಕಿ, ಅಂಗಳಕ್ಕೆ ಹೋದರು. ಆ ಸಹಿಯಿಂದಲೇ ನಾನು ಇಲ್ಲಿ ಗೋದಾಮಿನಲ್ಲಿ ರಾತ್ರಿ ಪಾಳಿ ದುಡಿದು ಸ್ವಂತ ಮನೆ ಮಾಡಿಕೊಂಡೆ, ಮಗಳನ್ನು ಓದಿಸಿದೆ. ಅದರ ಹೆಮ್ಮೆ ನನಗಿದೆ. ಆದರೆ ಅವರು ಆ ಮಾತನ್ನು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈಗ ಅವರಿಲ್ಲ.

ನಿಮ್ಮ ತಂದೆಯವರು ನಿಮ್ಮ ಜೊತೆಯಲ್ಲೇ ಇದ್ದಾರೆಂದು ಬರೆದಿದ್ದೀರಿ. ಏಜೆಂಟನಿಗೆ ಹಣ ಕೊಡುವ ಮುಂಚೆ ಒಂದು ಸಂಜೆ ಅವರ ಹತ್ತಿರ ಕೂತು, ಯಾವ ದೇಶದ ಪುಸ್ತಕದಲ್ಲಿ ಅವರ ಹೆಸರು ಸೇರುತ್ತದೆ, ನಿಮ್ಮದು ಯಾವುದರಿಂದ ಹೋಗುತ್ತದೆ ಎಂಬುದನ್ನು ಬಿಡಿಸಿ ಹೇಳಿ. ಅವರು ಒಪ್ಪಿದ ಮೇಲೆ ಜನನ ದಾಖಲೆಯಲ್ಲಿರುವ ಹೆಸರನ್ನು ಶಾಲೆಯ ದಾಖಲೆಯೊಂದಿಗೆ ತಾಳೆ ನೋಡಿ ನನಗೆ ಬರೆಯಿರಿ.