ಗೆದ್ದವರ ಮನೆಯ ಸೂತಕ

ಓದುಗರ ಪತ್ರ: ಒಂಬತ್ತನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡುವ ಮೇಷ್ಟ್ರು ನಾನು. ಶಾಂತಿಯ ಬಗ್ಗೆ ಪಾಠ ಮಾಡುವಾಗ ಪ್ರಾಚೀನ ಚೀನಾದ ದಾವ್ ಚಿಂತಕ ಲಾವೋತ್ಸೆಯ ಮಾತುಗಳನ್ನು ಹೇಳಬೇಕು ಅಂತಿದ್ದೇನೆ. ‘ಸುಮ್ನೆ ಕೂರೋದನ್ನು ಮಕ್ಕಳಿಗೆ ಕಲಿಸ್ತೀರಾ? ಅದು ಹೇಡಿತನ ಅಲ್ವಾ?’ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಇನ್ನೊಂದು ವಿಷಯ. ಹೊಡೆದಾಡಿದ ಇಬ್ಬರು ಹುಡುಗರ ಕೈ ಕುಲುಕಿಸಿ ಸಾರಿ ಹೇಳಿಸಿದೆ. ವಾರದೊಳಗೆ ಮತ್ತೆ ಹೊಡೆದಾಡಿದರು. ದಾವ್ ಚಿಂತನೆಯಲ್ಲಿ ಇದಕ್ಕೇನಾದರೂ ಇದೆಯೇ?

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ಖಂಡಿತ ಹೇಳಿಕೊಡಿ. ಆದರೆ ಶಾಂತಿ ಒಳ್ಳೆಯದು ಅಂತ ಶುರು ಮಾಡಬೇಡಿ. ಅದನ್ನು ಕೇಳಿ ಕೇಳಿ ಮಕ್ಕಳಿಗೆ ಸಾಕಾಗಿದೆ. ಲಾವೋತ್ಸೆಯ ಹೆಸರಿನಲ್ಲಿರುವ ‘ದಾವ್ ದ ಜಿಂಗ್’ ದಂಡು ಹೋದ ಮೇಲೆ ಊರು ಹೇಗಿರುತ್ತದೆ ಅನ್ನೋದನ್ನು ತೋರಿಸುತ್ತದೆ. ಸೈನ್ಯ ಬೀಡುಬಿಟ್ಟ ನೆಲದಲ್ಲಿ ಮುಳ್ಳು ಬೆಳೆಯುತ್ತದೆ, ಅದರ ಹಿಂದೆಯೇ ಬರ ಬರುತ್ತದೆ ಎನ್ನುತ್ತದೆ 30ನೇ ಅಧ್ಯಾಯ. 46ನೇ ಅಧ್ಯಾಯದಲ್ಲಿ ಕುದುರೆಗಳಿವೆ. ನಾಡು ನೆಟ್ಟಗಿದ್ದಾಗ ಅವು ಹೊಲಕ್ಕೆ ಗೊಬ್ಬರ ಕೊಡುತ್ತವೆ. ನಾಡು ಕೆಟ್ಟಾಗ ದಂಡಿನ ಕುದುರೆಗಳು ಊರಾಚೆ ಮರಿ ಹಾಕುತ್ತವೆ. ಗಬ್ಬದ ಕುದುರೆಗಳನ್ನೂ ಯುದ್ಧಕ್ಕೆ ಎಳೆದೊಯ್ದರು ಅನ್ನೋದು ಇದಕ್ಕೆ ಹಳೆಯ ವಿವರಣೆ. ಇಷ್ಟು ಓದಿ, ಆ ಕುದುರೆ ಹೋದ ಮನೆಯ ಹೊಲ ಆ ವರ್ಷ ಏನಾಯ್ತು ಅಂತ ಕೇಳಿ ನೋಡಿ. ರೈತರ ಮಕ್ಕಳಿದ್ದರೆ ನಿಮಗಿಂತ ಚೆನ್ನಾಗಿ ಹೇಳ್ತಾರೆ.

ಇನ್ನು 31ನೇ ಅಧ್ಯಾಯ. ಪುಸ್ತಕದ 81 ಅಧ್ಯಾಯಗಳಲ್ಲಿ ತರಗತಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಆಯುಧ ಅಪಶಕುನದ ವಸ್ತು, ಬೇರೆ ದಾರಿಯೇ ಇಲ್ಲದಾಗ ಹಿಡಿ, ಹಿಡಿದರೂ ಹಿಗ್ಗಬೇಡ ಎನ್ನುತ್ತದೆ. ಹಿಡಿಯಲೇಬೇಡ ಅಂತಿಲ್ಲ. ನಿಮ್ಮ ಸಹೋದ್ಯೋಗಿಗಳಿಗೆ ಉತ್ತರ ಇಲ್ಲೇ ಇದೆ. ಆಮೇಲೆ ಯಾರು ಎಲ್ಲಿ ನಿಲ್ಲಬೇಕು ಅನ್ನೋ ಮಾತು ಬರುತ್ತದೆ. ಶುಭಕಾರ್ಯಕ್ಕೆ ಎಡಗಡೆ ಮೇಲು, ಸಾವಿಗೆ ಬಲಗಡೆ. ದಂಡಿನಲ್ಲಿ ಕಿರಿಯ ಸೇನಾಪತಿ ಎಡಕ್ಕೆ, ಹಿರಿಯವನು ಬಲಕ್ಕೆ ನಿಲ್ಲುತ್ತಾನೆ. ಅಂದರೆ ದಂಡು ನಿಂತಿರುವುದೇ ಸಾವಿನ ಮನೆಯ ಕ್ರಮದಲ್ಲಿ! ಇಷ್ಟೊಂದು ಜನ ಸತ್ತಿದ್ದಾರೆ, ಅವರಿಗಾಗಿ ಅಳು; ಗೆದ್ದಿದ್ದರೂ ಸಾವಿನ ವಿಧಿಗಳನ್ನೇ ಮಾಡು ಅಂತ ಅಧ್ಯಾಯ ಮುಗಿಯುತ್ತದೆ. ಗೆದ್ದವರ ಮನೆಯಲ್ಲೂ ಸೂತಕ. ಪಟಾಕಿ ಇಲ್ಲ, ಮೆರವಣಿಗೆ ಇಲ್ಲ.

ಇದು ನೆಮ್ಮದಿಯ ಕಾಲದ ಮಾತಲ್ಲ. 1993ರಲ್ಲಿ ಚೀನಾದ ಹುಬೈ ಪ್ರಾಂತ್ಯದ ಗುವೊದಿಯನ್‌ನ ಸಮಾಧಿಯೊಂದರಲ್ಲಿ ಬರಹವಿದ್ದ ಬಿದಿರಿನ ಪಟ್ಟಿಗಳು ಸಿಕ್ಕವು. ಸುಮಾರು ಕ್ರಿ.ಪೂ. 300ರವು. ಗೆದ್ದಾಗಲೂ ಸಾವಿನ ವಿಧಿ ಮಾಡು ಅನ್ನೋ ಮಾತು ಅವುಗಳಲ್ಲೂ ಇದೆ. ರಾಜ್ಯಗಳು ಒಂದನ್ನೊಂದು ನುಂಗಲು ನಿಂತಿದ್ದ ಕಾಲ ಅದು. ಕ್ರಿ.ಪೂ. 260ರಲ್ಲಿ ಚಾಂಗ್‌ಪಿಂಗ್‌ನಲ್ಲಿ, ಶರಣಾಗಿ ಬಂದ ಜಾವ್ ರಾಜ್ಯದ ಸೈನಿಕರನ್ನು ಚಿನ್ ರಾಜ್ಯದ ದಂಡು ಕೊಂದು ಹೂತಿತು. ಆ ಯುದ್ಧದಲ್ಲಿ ಜಾವ್ ಕಳೆದುಕೊಂಡದ್ದು ನಾಲ್ಕು ಲಕ್ಷಕ್ಕೂ ಜಾಸ್ತಿ ಜನ ಅಂತ ಚೀನಾದ ಹಳೆಯ ಇತಿಹಾಸಕಾರ ಸಿಮಾ ಚಿಯನ್ ಬರೆದಿದ್ದಾನೆ. ಲೆಕ್ಕ ದೊಡ್ಡದಾಯಿತು ಅಂದುಕೊಂಡರೂ, ಅಗೆದಾಗ ಮೂಳೆ ತುಂಬಿದ ಗುಂಡಿಗಳು ಸಿಕ್ಕಿರುವುದು ನಿಜ. ಬಿದಿರಿನ ಆ ಮಾತನ್ನೂ ಈ ಗುಂಡಿಗಳನ್ನೂ ಮಕ್ಕಳ ಮುಂದೆ ಒಟ್ಟಿಗೆ ಇಡಿ.

ಆ ಇಬ್ಬರು ಹುಡುಗರ ವಿಷಯಕ್ಕೆ 79ನೇ ಅಧ್ಯಾಯ ನೋಡಿ. ದೊಡ್ಡ ಹಗೆಯನ್ನು ರಾಜಿ ಮಾಡಿಸಿದರೂ ಒಂದಿಷ್ಟು ಹಗೆ ಉಳಿದೇ ಉಳಿಯುತ್ತದೆ, ಅದನ್ನು ಒಳ್ಳೆಯದು ಅನ್ನೋದು ಹೇಗೆ ಅಂತ ನೇರವಾಗಿ ಕೇಳುತ್ತದೆ. ಆಗ ಸಾಲದ ಕರಾರನ್ನು ಎರಡು ಹೋಳು ಮಾಡುತ್ತಿದ್ದರು. ಎಡ ಹೋಳು ಸಾಲ ಕೊಟ್ಟವನ ಕೈಯಲ್ಲಿ. ತಿಳಿದವನು ಎಡ ಹೋಳನ್ನು ಇಟ್ಟುಕೊಂಡಿರುತ್ತಾನೆ, ವಸೂಲಿಗೆ ಮಾತ್ರ ಹೋಗುವುದಿಲ್ಲ ಎನ್ನುತ್ತದೆ ಅಧ್ಯಾಯ. ತನಗೆ ಬರಬೇಕಾದ್ದು ಇದೆ ಅನ್ನೋದು ಸುಳ್ಳಾಗುವುದಿಲ್ಲ. ಆದರೆ ಅದನ್ನು ಹಿಡಿದುಕೊಂಡು ಯಾರ ಮನೆ ಬಾಗಿಲೂ ತಟ್ಟುವುದಿಲ್ಲ. ಮೇಷ್ಟ್ರೇ, ಹೇಳಿಸಿದ ಸಾರಿಯಿಂದ ಹುಡುಗರ ಕೈಯಲ್ಲಿದ್ದ ಹೋಳನ್ನೇ ಕಿತ್ತುಕೊಂಡ ಹಾಗಾಗುತ್ತದೆ. ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಳ್ಳಿ. ಏನಾಯ್ತು ಅಂತ ಪೂರ್ತಿ ಕೇಳಿ. ಅವರೇ ಬರೆದಿಡಲಿ, ಆ ಹಾಳೆ ಅವರ ಹತ್ತಿರವೇ ಇರಲಿ. ಕೈ ಕುಲುಕುವುದಕ್ಕೆ ಅವಸರ ಬೇಡ.

ಕಥೆ ಬೇಕಾದರೆ ಇನ್ನೊಬ್ಬ ದಾವ್ ಚಿಂತಕ ಜುವಾಂಗ್‌ತ್ಸೆಯ ಪುಸ್ತಕದಲ್ಲಿದೆ. ಒಪ್ಪಂದ ಮುರಿದರು ಅಂತ ವೈ ರಾಜ್ಯದ ದೊರೆ ಹುಯ್ ಕೆಂಡವಾಗಿ ಸೇಡು ತೀರಿಸಿಕೊಳ್ಳಲು ಹೊರಡುತ್ತಾನೆ. ದಾಯ್ ಜಿನ್‌ರನ್ ಎಂಬವನು ಬಂದು, ಬಸವನಹುಳುವಿನ ಎರಡು ಕೊಂಬುಗಳ ಮೇಲಿದ್ದ ಎರಡು ರಾಜ್ಯಗಳು ನೆಲಕ್ಕಾಗಿ ಕಾದಾಡಿ ಹೆಣಗಳ ರಾಶಿ ಹಾಕಿದ ಕಥೆ ಹೇಳುತ್ತಾನೆ. ಅವನು ಹೋದ ಮೇಲೆ ದೊರೆ ಏನನ್ನೋ ಕಳೆದುಕೊಂಡವನ ಹಾಗೆ ಕೂತುಬಿಡುತ್ತಾನೆ. ಒಂಬತ್ತನೆಯ ತರಗತಿಯವರು ಇದನ್ನು ನಾಟಕ ಮಾಡಬಹುದು.

ಎಲ್ಲವನ್ನೂ ಒಪ್ಪಿಸಬೇಕು ಅಂತೇನಿಲ್ಲ. ಪಕ್ಕದ ನಾಡಿನ ಕೋಳಿ ಕೂಗು, ನಾಯಿ ಬೊಗಳು ಕೇಳಿಸಿದರೂ ಸಾಯುವ ತನಕ ಅತ್ತ ಹೋಗದ ಜನರನ್ನು 80ನೇ ಅಧ್ಯಾಯ ಮೆಚ್ಚುತ್ತದೆ. ನಾನು ಮೆಚ್ಚುವುದಿಲ್ಲ. ಪಕ್ಕದೂರಿನವರನ್ನು ನೋಡದವರಿಗೆ ಅವರ ಮೇಲೆ ಭಯ ಹುಟ್ಟಿಸೋದು ಸುಲಭ. ಈ ಜಗಳವನ್ನೂ ತರಗತಿಯಲ್ಲೇ ಆಡಿ.

ಕನ್ನಡದಲ್ಲಿ ಓದಬೇಕೆಂದರೆ ಯು. ಆರ್. ಅನಂತಮೂರ್ತಿಯವರ ಅನುವಾದವಿದೆ. ಮೊದಲ ದಿನ 30, 31 ಸಾಕು. ಪರೀಕ್ಷೆಗೆ ಮಾತ್ರ ದಯವಿಟ್ಟು ಇಡಬೇಡಿ.