ಹುಬ್ಬಳ್ಳಿಯಿಂದ ಕಾರವಾರಕ್ಕೆ ಎರಡು ದಿನ, ಮೀನು ಮತ್ತು ಬಿಯರ್: ಹೇಗೆ ಪ್ಲಾನ್ ಮಾಡೋದು?

ನೀವು ಕೇಳಿದ್ದು ಇಷ್ಟು: ನಾಲ್ಕು ಜನ ಗೆಳೆಯರು, ಹುಬ್ಬಳ್ಳಿಯಿಂದ ಕಾರಿನಲ್ಲಿ ಹೊರಟು ಶನಿವಾರ-ಭಾನುವಾರ ಕಾರವಾರದಲ್ಲಿ ಹೊಟ್ಟೆ ತುಂಬ ಮೀನು ತಿನ್ನಬೇಕು, ಬಿಯರ್ ಕುಡಿಯಬೇಕು. ಒಬ್ಬ ಮೀನು ಮುಟ್ಟುವುದಿಲ್ಲ, ಇನ್ನೊಬ್ಬ ಕುಡಿಯುವುದಿಲ್ಲ. ಮೂರನೆಯವನು "ಅಷ್ಟು ದೂರ ಹೋದಮ್ಯಾಲೆ ಗೋವಾಕ್ಕ ಹೋಗೋಣಲೇ" ಅಂತ ಹಟ ಹಿಡಿದಿದ್ದಾನೆ.

ನಾನು ಧಾರವಾಡದವನು, ಕೆಲಸ ಹುಬ್ಬಳ್ಳಿಯಲ್ಲಿ, ಕಾರವಾರಕ್ಕೆ ಹೋಗೋದು ಊಟಕ್ಕೆ. ನನ್ನ ಸಲಹೆ ಒಂದೇ. ಮೀನಿನ ಊಟವನ್ನೂ ಬಿಯರನ್ನೂ ಒಂದೇ ಟೇಬಲ್ ಮೇಲೆ ಹುಡುಕಬೇಡಿ. ಮಧ್ಯಾಹ್ನ ಖಾನಾವಳಿ, ಸಂಜೆ ಬಾರ್. ಊರು ಚಿಕ್ಕದು. ಒಳ್ಳೆಯ ಮೀನು ಸಾರು ಸಿಗುವ ಲಂಚ್ ಹೋಮ್‌ಗಳಲ್ಲಿ ಸಾಮಾನ್ಯವಾಗಿ ಬಾರ್ ಲೈಸೆನ್ಸ್ ಇರುವುದಿಲ್ಲ. ಬಾರ್ ಇರುವ ಕಡೆ ಮೆನು ಕಾರ್ಡು ದಪ್ಪ, ಅರ್ಧ ಪುಟ ಗೋಬಿ ಮಂಚೂರಿ. ಎರಡೂ ಒಂದೇ ಕಡೆ ಬೇಕು ಅಂತ ಹೊರಟರೆ ಎರಡೂ ಸುಮಾರಾಗಿ ಸಿಗುತ್ತವೆ.

ಮೊದಲು ದಾರಿ. ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ, ಅಲ್ಲಿಂದ ಸಮುದ್ರದ ಪಕ್ಕದ ಹೆದ್ದಾರಿ. ಒಟ್ಟು 165 ಕಿ.ಮೀ. ಆಸುಪಾಸು, ಕಂಟೇನರ್ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ನಾಲ್ಕು ಗಂಟೆ ದಾಟುತ್ತದೆ. ರೈಲು ಕೇಳಬೇಡಿ, ಹುಬ್ಬಳ್ಳಿ-ಅಂಕೋಲಾ ಮಾರ್ಗದ ಮಾತನ್ನು ನಮ್ಮಪ್ಪ ಕೇಳುತ್ತಿದ್ದರು, ಈಗ ನಾವು ಕೇಳುತ್ತಿದ್ದೇವೆ. ಶನಿವಾರ ಬೆಳಗ್ಗೆ ಆರಕ್ಕೆ ಹುಬ್ಬಳ್ಳಿ ಬಿಡಿ. ಯಲ್ಲಾಪುರದಲ್ಲಿ ಚಹಾ, ಬೇಕಾದರೆ ಒಂದು ಪ್ಲೇಟ್ ಇಡ್ಲಿ. ಅಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಡಿ.

ಹನ್ನೆರಡೂವರೆಗೆ ಊಟಕ್ಕೆ ಕುಳಿತಿರಬೇಕು. ಎರಡೂವರೆ ಮೇಲೆ ಹೋದರೆ "ಬಂಗಡೆ ಖಾಲಿ, ಇಸವಣ ಅಷ್ಟೇ ಐತಿ" ಅನ್ನುವ ಮಾತು ಕೇಳಬೇಕಾಗುತ್ತದೆ. ಯಾರನ್ನು ಕೇಳಿದರೂ ಅಮೃತ್, ಶ್ವೇತಾ ಅಂತ ಹೆಸರು ಹೇಳುತ್ತಾರೆ, ಅಲ್ಲಿಗೆ ಹೋಗಿ. ಅಲ್ಲಿ ಜಾಗ ಇಲ್ಲದಿದ್ದರೆ ಕೋರ್ಟು-ಕಚೇರಿ ನೌಕರರು ಕ್ಯೂ ನಿಂತಿರುವ ಯಾವುದೇ ಸಣ್ಣ ಖಾನಾವಳಿ ಹೊಕ್ಕರೂ ಮೋಸವಿಲ್ಲ. ಫಿಶ್ ಥಾಲಿ ಹೇಳಿ, ಅದರ ಮೇಲೆ ಫ್ರೈ ಬೇರೆ ಹೇಳಿ. ದೊಡ್ಡ ಮೀನಿಗೆ, ಅಂದರೆ ಇಸವಣ, ಪಾಪ್ಲೆಟ್‌ಗೆ, ಮೆನುವಿನಲ್ಲಿ ರೇಟ್ ಬದಲು "ಆ್ಯಸ್ ಪರ್ ಸೈಜ್" ಅಂತ ಇದ್ದರೆ ಮೀನನ್ನು ತಂದು ತೋರಿಸಲು ಹೇಳಿ, ರೇಟ್ ಕೇಳಿ, ಆಮೇಲೆ ಹೂಂ ಅನ್ನಿ. ಇದರಲ್ಲಿ ಸಂಕೋಚ ಬೇಡ, ಅಲ್ಲಿಯವರೂ ಹಾಗೇ ಮಾಡುತ್ತಾರೆ.

ನಮ್ಮ ಕಡೆಯವರಿಗೆ ಒಂದು ಮಾತು ಹೇಳಲೇಬೇಕು. ಸಾವಜಿ ಖಾನಾವಳಿಯ ಎಣ್ಣೆ-ಖಾರಕ್ಕೆ ಒಗ್ಗಿದ ನಾಲಿಗೆ ಮೊದಲ ತುತ್ತಿಗೆ "ಏನ್ರಿ ಇದು, ಖಾರನ ಇಲ್ಲಲ್ಲ" ಅನ್ನುತ್ತದೆ. ತಡೆಯಿರಿ. ಬಂಗಡೆ ಸಾರನ್ನು ಕುಚಲಕ್ಕಿ ಅನ್ನಕ್ಕೆ ಕಲಸಿ ನಾಲ್ಕು ತುತ್ತು ಉಣ್ಣಿ. ತೆಂಗಿನಕಾಯಿ, ಬ್ಯಾಡಗಿ ಮೆಣಸಿನ ಬಣ್ಣ, ಹುಳಿ, ಅದರ ನಡುವೆ ಒಂದು ವಿಚಿತ್ರ ಘಮ ಬರುತ್ತದೆ. ಅದು ತಿರಫಲ. ಕಾಳುಮೆಣಸಿಗಿಂತ ಸ್ವಲ್ಪ ದೊಡ್ಡದು, ಬಾಯಿ ಬಿಟ್ಟ ಕಂದು ಸಿಪ್ಪೆ, ಸಾರಿನಲ್ಲಿ ಹಾಗೇ ತೇಲುತ್ತಿರುತ್ತದೆ. ಅಗಿಯಬೇಡಿ, ತಟ್ಟೆಯ ಅಂಚಿಗೆ ತೆಗೆದಿಡಿ. ಅಗಿದರೆ ನಾಲಿಗೆ ಸ್ವಲ್ಪ ಹೊತ್ತು ಜುಂ ಅನ್ನುತ್ತದೆ, ಮುಂದಿನ ತುತ್ತಿನ ರುಚಿ ಹೋಯ್ತು ಅಂತಲೇ ಲೆಕ್ಕ. ಬಂಗಡೆ, ತಾರಲೆಯಂಥ ಎಣ್ಣೆ ಅಂಶದ ಮೀನಿಗೆ ಇದನ್ನು ಹಾಕುತ್ತಾರೆ, ಆ ವಾಸನೆಯನ್ನು ಹಿಡಿದು ನಿಲ್ಲಿಸಲು. ಕೊನೆಗೆ ಸೋಲ್ ಕಡಿ. ಕೋಕಂ ಹುಳಿಗೆ ತೆಂಗಿನ ಹಾಲು ಸೇರಿಸಿದ ತಿಳಿ ಗುಲಾಬಿ ಬಣ್ಣದ್ದು. ಅರ್ಧ ಕುಡಿಯಿರಿ, ಅರ್ಧ ಅನ್ನಕ್ಕೆ ಹಾಕಿಕೊಳ್ಳಿ.

ಊಟದ ಮೇಲೆ ಮಲಗಿ. ನಾನು ಸೀರಿಯಸ್ಸಾಗಿಯೇ ಹೇಳುತ್ತಿದ್ದೇನೆ. ಮೂರು ಗಂಟೆಯ ಬಿಸಿಲಲ್ಲಿ ಬೀಚಿಗೆ ಹೋಗಿ ಮಾಡೋದೇನಿದೆ? ಐದರ ಹೊತ್ತಿಗೆ ಎದ್ದು ಟಾಗೋರ್ ಬೀಚಿಗೆ ನಡೆಯಿರಿ. ರವೀಂದ್ರನಾಥ ಟಾಗೋರರ ಅಣ್ಣ ಇಲ್ಲಿ ಜಡ್ಜ್ ಆಗಿದ್ದರು, ರವೀಂದ್ರರೂ ಇಲ್ಲಿಗೆ ಬಂದು ಉಳಿದಿದ್ದರು, ಹೆಸರು ಬಂದದ್ದು ಹಾಗೆ. ಪಕ್ಕದಲ್ಲೇ ಐಎನ್‌ಎಸ್ ಚಪಲ್ ಯುದ್ಧನೌಕೆ ಮ್ಯೂಸಿಯಂ. ಅರ್ಧ ಗಂಟೆ ಸಾಕು.

ಈಗ ಬಿಯರ್. ಬೆಂಗಳೂರಿನ ಹಾಗೆ ಅಲ್ಲೇ ಬಿಯರ್ ಮಾಡಿ ಕೊಡುವ ಪಬ್‌ಗಳ ಆಸೆ ಇಟ್ಟುಕೊಂಡು ಬರಬೇಡಿ. ಬಾಟಲಿ ಬಿಯರ್, ಅಷ್ಟೇ. ಆದ್ದರಿಂದ ಬ್ರ್ಯಾಂಡ್ ಬಗ್ಗೆ ತಲೆ ಕೆಡಿಸಿಕೊಳ್ಳದೆ ಎರಡು ವಿಷಯ ನೋಡಿ. ಒಂದು, ಬಾಟಲಿ ಮುಟ್ಟಿ ನೋಡಿ ತೆಗೆಸಿ, ಶನಿವಾರದ ರಶ್ಶಿನಲ್ಲಿ ಫ್ರಿಜ್ಜಿಗೆ ಆಗಷ್ಟೇ ಹಾಕಿದ್ದನ್ನು ತಂದಿಡುತ್ತಾರೆ. ಇನ್ನೊಂದು, ಮೈಲ್ಡ್ ತಗೊಳ್ಳಿ. ಸ್ಟ್ರಾಂಗ್‌ನಲ್ಲಿ ಆಲ್ಕೋಹಾಲ್ ಶೇ 8ರವರೆಗೂ ಇರುತ್ತದೆ, ಮೈಲ್ಡ್‌ನಲ್ಲಿ 5ರೊಳಗೆ. ಕರಾವಳಿಯ ಸೆಕೆಯಲ್ಲಿ ಸ್ಟ್ರಾಂಗ್ ಏರಿದರೆ ಎರಡನೇ ಬಾಟಲಿಯ ಹೊತ್ತಿಗೆ ಏನು ತಿನ್ನುತ್ತಿದ್ದೀರಿ ಅಂತಲೇ ಗೊತ್ತಾಗಲ್ಲ. ಜೊತೆಗೆ ಸಾರು-ಅನ್ನ ಬೇಡ. ನೊಗಲಿ ರವಾ ಫ್ರೈ ಹೇಳಿ. ಮಂಗಳೂರಿನವರು ಕಾಣೆ ಅನ್ನುವ ಮೀನು ಇದೇ, ಬೆರಳಷ್ಟು ದಪ್ಪ, ನಡು ಮುಳ್ಳು ಎಳೆದರೆ ಪೂರ್ತಿ ಬರುತ್ತದೆ. ಮುಳ್ಳಿಗೆ ಹೆದರುವ ಬಯಲುಸೀಮೆಯವರಿಗೆ ಇದಕ್ಕಿಂತ ಸುಲಭದ ಮೀನಿಲ್ಲ. ತಿಸರೆ ಸುಕ್ಕಾ ಸಿಕ್ಕರೆ ಬಿಡಬೇಡಿ. ಕಾಳಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಸಿಗುವ ಚಿಪ್ಪು ಅದು, ಹಸಿ ತೆಂಗಿನತುರಿಯಲ್ಲಿ ಒಣಗಿಸಿದ ಹಾಗೆ ಮಾಡಿರುತ್ತಾರೆ. ಚಿಪ್ಪನ್ನು ಕೈಯಲ್ಲೇ ಹಿಡಿದು ಹೀರಬೇಕು. ಚಮಚ ಕೇಳಿದರೆ ನಗುತ್ತಾರೆ.

ಬಾರ್‌ಗೆ ನಡೆದು ಹೋಗುವಷ್ಟು ಹತ್ತಿರ ರೂಮ್ ಮಾಡಿ. ಬೀಚ್ ರೆಸಾರ್ಟ್ ಚೆಂದ, ಆದರೆ ರಾತ್ರಿ ಕಾರು ತೆಗೆಯಬೇಕಾಗುತ್ತದೆ, ಕುಡಿಯದ ಆ ಒಬ್ಬ ಗೆಳೆಯ ಎರಡು ದಿನವೂ ಡ್ರೈವರ್ ಆಗುತ್ತಾನೆ. ಕುಡಿದು ಓಡಿಸಿ ಸಿಕ್ಕರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಜೈಲೂ ಆಗಬಹುದು. ಬೀಚಿನಲ್ಲಿ ಬಾಟಲಿ ತೆಗೆಯುವ ಯೋಚನೆಯೂ ಬೇಡ.

ಗೋವಾ ಗೆಳೆಯನಿಗೆ ಹೀಗೆ ಹೇಳಿ. ಗಡಿ ಹತ್ತಿರವೇ ಇದೆ, ಮಾಜಾಳಿ ದಾಟಿದರೆ ಪೋಳೆಂ, ಪಾಳೊಳೆಂ ಬೀಚಿಗೆ ಸುಮಾರು 40 ಕಿ.ಮೀ. ಅಲ್ಲಿ ಟ್ಯಾಕ್ಸ್ ಕಡಿಮೆ, ಬಿಯರ್ ಅಗ್ಗ, ಸುಳ್ಳಲ್ಲ. ಆದರೆ ಬಾಟಲಿಗೆ ಉಳಿಸಿದ ದುಡ್ಡು ರೂಮಿಗೆ ಹೋಗುತ್ತದೆ. ಅಗ್ಗ ಅಂತ ಡಿಕ್ಕಿಯಲ್ಲಿ ತುಂಬಿಕೊಂಡು ಬಂದರಂತೂ ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ಅಬಕಾರಿಯವರು ಬ್ಯಾಗ್ ಬಿಚ್ಚಿಸುತ್ತಾರೆ. ಕೇಸ್ ಆದರೆ ಗಾಡಿಯೂ ಜಪ್ತಿ. ಮಾರ್ಚ್‌ನಿಂದ ಮೇವರೆಗೆ ಹೋದರೆ ಮಾತ್ರ ನಾನೂ ಅವನ ಪಕ್ಷ: ಹುರಾಕ್ ಅನ್ನುವ ಗೇರುಹಣ್ಣಿನ ಸಾರಾಯಿ ಆಗಷ್ಟೇ ಸಿಗುತ್ತದೆ, ಅದನ್ನು ಅಲ್ಲೇ ಕುಡಿಯಬೇಕು.

ಭಾನುವಾರ ಬೆಳಗ್ಗೆ ಬೇಗ ಎದ್ದು ಮೀನು ಮಾರ್ಕೆಟ್ಟಿಗೆ ಹೋಗಿ. ಕೊಳ್ಳದಿದ್ದರೂ ಪರವಾಗಿಲ್ಲ. ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿ ಹೊಳೆಯಬೇಕು, ಬೆರಳಲ್ಲಿ ಒತ್ತಿದರೆ ಗುಳಿ ನಿಲ್ಲಬಾರದು. ಇದನ್ನು ಅಲ್ಲಿ ನೋಡಿಕೊಂಡರೆ ನಮ್ಮ ಗಣೇಶಪೇಟೆಯ ಮಾರ್ಕೆಟ್ಟಿನಲ್ಲಿ ಐಸ್ ಬಾಕ್ಸ್ ಮುಂದೆ ನಿಂತಾಗ ಉಪಯೋಗಕ್ಕೆ ಬರುತ್ತದೆ. ಮಳೆಗಾಲ ಮುಗಿದ ಮೇಲಿನ ತಿಂಗಳುಗಳಲ್ಲಿ ಅದೃಷ್ಟವಿದ್ದರೆ ಬೀಚಿನಲ್ಲಿ ರಂಪಣಿ ಬಲೆ ಎಳೆಯುವುದೂ ಕಾಣುತ್ತದೆ. ತಿಂಡಿಗೆ ಬನ್ಸ್. ಮೀನು ತಿನ್ನದ ಗೆಳೆಯನಿಗೆ ಇಡೀ ಟ್ರಿಪ್ಪಿನಲ್ಲಿ ನಿಜವಾದ ಸಂತೋಷ ಕೊಡುವುದು ಇದೊಂದೇ, ಪಾಪ. ಉಳಿದ ಹೊತ್ತು ಅವನಿಗೆ ಸೋಲ್ ಕಡಿ.

ಭಾನುವಾರ ಬಿಯರ್ ಇಲ್ಲ. ಇನ್ನೊಂದು ಥಾಲಿ ಉಂಡು ಎರಡಕ್ಕೆ ಹೊರಡಿ, ಕತ್ತಲಾಗುವ ಮೊದಲು ಅರಬೈಲ್ ಹತ್ತಿರಬೇಕು.

ನೀವು ಯಾವ ತಿಂಗಳು ಅಂತ ಬರೆದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಆಗ ತಟ್ಟೆಗೆ ಬರುವುದು ಹೆಚ್ಚಾಗಿ ಐಸಿನ ಮೀನು, ಮೇಲೆ ಘಟ್ಟದಲ್ಲಿ ಗುಡ್ಡ ಕುಸಿಯುವ ಭಯ. ಅಕ್ಟೋಬರ್ ಕೊನೆಯಿಂದ ಫೆಬ್ರವರಿಯೊಳಗೆ ಇಟ್ಟುಕೊಳ್ಳಿ. ಕ್ರಿಸ್‌ಮಸ್ ರಜೆಯ ವಾರ ಮಾತ್ರ ಬಿಡಿ, ಗೋವಾಕ್ಕೆ ಹೋಗುವವರೆಲ್ಲ ಅದೇ ರಸ್ತೆಯಲ್ಲಿ ಇರುತ್ತಾರೆ.